ಫಾರ್ಮ್ಯಾಟ್ ಮಾಡೋ ಮುಂಚೆ ಒಂದ್ನಿಮಿಷ

ಉಬುಂಟು 22.04ರಿಂದ 24.04ಕ್ಕೆ ಅಪ್‌ಗ್ರೇಡ್ ಮಾಡಿ ರೀಸ್ಟಾರ್ಟ್ ಕೊಟ್ರೆ, ಅರ್ಧ ಎಕ್ಸ್‌ಟೆನ್ಶನ್‌ಗಳು ನಾಪತ್ತೆ. ಹಾಸ್ಟೆಲ್‌ನಲ್ಲಿ ಸಿಗೋ ಸಲಹೆ ಒಂದೇ: "ಫಾರ್ಮ್ಯಾಟ್ ಹೊಡಿ ಮಗಾ." ನೆಗಡಿ ಬಂತು ಅಂತ ಮೂಗು ಕೊಯ್ಕೊಂಡ ಹಾಗೆ!

ಆಗಿರೋದು ಇಷ್ಟು. ಹಳೇದರಲ್ಲಿ ಇದ್ದದ್ದು ಗ್ನೋಮ್ 42, ಹೊಸದರಲ್ಲಿ 46. ನಡುವೆ, 2023ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 45, ಎಕ್ಸ್‌ಟೆನ್ಶನ್‌ಗಳು ಕೋಡ್ ಇಂಪೋರ್ಟ್ ಮಾಡೋ ರೀತಿಯನ್ನೇ ಬದಲಿಸಿತು. ಜಾವಾಸ್ಕ್ರಿಪ್ಟ್‌ನ ಇಎಸ್ ಮಾಡ್ಯೂಲ್ ಕಡ್ಡಾಯವಾಯ್ತು. ಹಾಗಾಗಿ ಸೀನಿಯರ್‌ಗಳ ಹಳೇ ಟ್ರಿಕ್, ಅಂದ್ರೆ ಮೆಟಾಡೇಟಾ ಫೈಲ್‌ನಲ್ಲಿ ಶೆಲ್ ವರ್ಷನ್ ನಂಬರ್ ತಿದ್ದಿ ಲಾಗೌಟ್ ಆಗೋದು, ಇಲ್ಲಿ ನಡೆಯಲ್ಲ. ನಾನೂ ರಾತ್ರಿ ಎರಡರವರೆಗೆ ಅದನ್ನೇ ಮಾಡ್ತಾ ಕೂತಿದ್ದೆ. ಬೆಳಗ್ಗೆ ಲ್ಯಾಬ್ ಇಂಟರ್ನಲ್ಸ್ ಬೇರೆ.

ಮೊದಲು ಎಕ್ಸ್‌ಟೆನ್ಶನ್ ಮ್ಯಾನೇಜರ್‌ನಲ್ಲಿ ಹೊಸ ವರ್ಷನ್ ಇದೆಯಾ ನೋಡಿ. ತುಂಬಾ ಸಲ ಅಲ್ಲಿಗೇ ಮುಗಿಯುತ್ತೆ. ಇಲ್ಲದಿದ್ರೆ ಟರ್ಮಿನಲ್‌ನಲ್ಲಿ ಜರ್ನಲ್‌ಸಿಟಿಎಲ್ ಕೊಟ್ಟು ಎರರ್ ಓದಿ. ಓದಿ ಅಂದೆ, ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕಿ ಅಂದಿಲ್ಲ. ಚಿಕ್ಕ ಎಕ್ಸ್‌ಟೆನ್ಶನ್ ಆದ್ರೆ ಮೇಲಿನ ಇಂಪೋರ್ಟ್ ಸಾಲುಗಳನ್ನ ತಿದ್ದಿ, ಇನಿಟ್ ಫಂಕ್ಷನ್ ಬದಲು ಒಂದು ಕ್ಲಾಸ್ ಬರೆದರೆ ಹಲವು ಸಲ ಎದ್ದು ಕೂರುತ್ತೆ. ಮೂರನೇ ಸೆಮಿಸ್ಟರ್‌ನವರಿಗೂ ಆಗೋ ಕೆಲಸ.

ಸರಿಹೋದ ಮೇಲೆ ಆ ತಿದ್ದುಪಡಿಯನ್ನ ಬರೆದವರಿಗೆ ಕಳಿಸಿ. ಎಷ್ಟೋ ಎಕ್ಸ್‌ಟೆನ್ಶನ್‌ಗಳ ಹಿಂದೆ ಇರೋದು ಬಿಡುವಿನಲ್ಲಿ, ಸಂಬಳ ಇಲ್ಲದೆ ಮಾಡೋ ಒಬ್ಬರೇ. ಬೈದು ಒಂದು ಸ್ಟಾರ್ ಕೊಡೋಕೆ ಮಾತ್ರ ಸಾವಿರ ಜನ. ಮಿನಿ ಪ್ರಾಜೆಕ್ಟ್‌ಗೆ ಐಡಿಯಾ ಇಲ್ಲ ಅಂತ ಕ್ಯಾಂಟೀನಲ್ಲಿ ತಲೆ ಕೆರ್ಕೊಳ್ಳೋ ನಾವು ಇದನ್ನ ಯಾಕೆ ಮಾಡಬಾರದು?

ಅಂದಹಾಗೆ, ನನ್ನ ಹದಿನಾಲ್ಕರಲ್ಲಿ ಒಂಬತ್ತು ವಾಪಸ್ ಬಂದವು. ಉಳಿದ ಐದು ಏನು ಮಾಡ್ತಿದ್ವು ಅಂತ ಈಗ ನೆನಪಿಲ್ಲ.