ಆಕಾಶದ ಗೋಡೆಯ ಮೇಲೊಂದು ಹಲ್ಲಿ

ನಮ್ಮ ಮನೆ ಹಾಲ್‌ನಲ್ಲಿ ಟ್ಯೂಬ್‌ಲೈಟಿನ ಹಿಂದೆ ಒಂದು ಹಲ್ಲಿ ವಾಸವಾಗಿದೆ. ಅಮ್ಮ ಏನಾದರೂ ಹೇಳುತ್ತಿರುವಾಗ ಅದು ಲೊಚಗುಟ್ಟಿದರೆ ಆಯಿತು, ತಕ್ಷಣ ಕೂತಲ್ಲೇ ನೆಲವನ್ನು ಬೆರಳಿನಿಂದ ಕುಟ್ಟಿ “ಕೃಷ್ಣ ಕೃಷ್ಣ” ಅನ್ನುತ್ತಾಳೆ. ಹೇಳಿದ ಮಾತು ಸತ್ಯ ಅಂತ ಅದರ ಅರ್ಥ. ಎಷ್ಟು ಸಲ ಲೊಚಗುಟ್ಟಿತು, ಯಾವ ದಿಕ್ಕಿನಿಂದ ಅನ್ನುವುದೆಲ್ಲ ಲೆಕ್ಕಕ್ಕೆ ಬರುತ್ತದೆ. ಹಲ್ಲಿ ಮೈಮೇಲೆ ಬಿದ್ದರಂತೂ ಪಂಚಾಂಗದ ಪುಟವೇ ತೆರೆಯಬೇಕು.

ಇವತ್ತು ಹೇಳಹೊರಟಿರುವುದು ಇನ್ನೊಂದು ಹಲ್ಲಿಯ ವಿಷಯ. ಅದು ಇರುವುದು ಆಕಾಶದಲ್ಲಿ. ಹೆಸರು ಲಸರ್ಟಾ, ಅಂದರೆ ಹಲ್ಲಿಯೇ. ನಮ್ಮ ಕನ್ನಡದ ನಕ್ಷತ್ರ ಪುಸ್ತಕಗಳಲ್ಲಿ ಆ ಭಾಗದ ಆಕಾಶಕ್ಕೆ ಮಹಾಭಾರತದ ಹೆಸರುಗಳನ್ನು ಇಟ್ಟಿದ್ದಾರೆ: ಕ್ಯಾಸಿಯೋಪಿಯಾ ಅನ್ನುವುದು ಕುಂತಿ, ಸೀಫಿಯಸ್ ಅನ್ನುವುದು ಯುಧಿಷ್ಠಿರ, ಆಂಡ್ರೊಮೀಡಾ ದ್ರೌಪದಿ. ಇವರೆಲ್ಲರ ನಡುವೆ ಹಲ್ಲಿ. ಪಾಂಡವರ ಮನೆ ಗೋಡೆಯ ಮೇಲೂ ಒಂದು ಇರಬೇಕಲ್ಲ!

ಈ ಹಲ್ಲಿಗೆ ಪುರಾಣ ಗಿರಾಣ ಏನೂ ಇಲ್ಲ. ಪೋಲೆಂಡಿನ ಹೆವೀಲಿಯಸ್ ಎಂಬ ಖಗೋಳಜ್ಞ ಸುತ್ತಲ ದೊಡ್ಡ ನಕ್ಷತ್ರಪುಂಜಗಳ ಮಧ್ಯೆ ಉಳಿದಿದ್ದ ಖಾಲಿ ಜಾಗಕ್ಕೆ ಇದನ್ನು ತುಂಬಿದ. ಅವನು 1687ರಲ್ಲಿ ತೀರಿಕೊಂಡ ಮೇಲೆ ಹೆಂಡತಿ ಎಲಿಸಬೆತ್ 1690ರಲ್ಲಿ ಆ ನಕಾಶೆಗಳನ್ನು ಪ್ರಕಟಿಸಿದಳು. ಇದೇ ಜಾಗಕ್ಕೆ ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿಯ ರಾಜದಂಡ ಅಂತ ಒಬ್ಬರು, ಪ್ರಷ್ಯಾದ ಫ್ರೆಡರಿಕ್ ದೊರೆಯ ಗೌರವಕ್ಕೆ ಅಂತ ಇನ್ನೊಬ್ಬರು ಹೆಸರಿಟ್ಟು ನೋಡಿದರು. ರಾಜರಿಬ್ಬರೂ ಹೋದರು, ಹಲ್ಲಿ ಉಳಿಯಿತು. ನನಗಂತೂ ಇದು ಬಹಳ ಖುಷಿ ಕೊಡುವ ವಿಷಯ.

ಪುಂಜವೇ ಮಂಕು. ಅದರಲ್ಲಿ ಕಣ್ಣಿಗೆ ಕಂಡೂ ಕಾಣದ ಹಾಗೆ ಇರುವ ನಕ್ಷತ್ರ ‘12 ಲಸರ್ಟೇ’. ನಕ್ಷತ್ರಗಳ ಪಟ್ಟಿಯಲ್ಲಿ ಅದರ ನಂಬರ್ 12, ಅಷ್ಟೇ. ಆದರೆ ಮಂಕಾಗಿ ಕಾಣುವುದು ದೂರದಿಂದಾಗಿ. ಸಾವಿರ ಬೆಳಕಿನ ವರ್ಷಕ್ಕೂ ಆಚೆ ಇದೆ. ಹತ್ತಿರ ಹೋದರೆ ನೀಲಿ ಬೆಂಕಿ. ನಮ್ಮ ಸೂರ್ಯನ ಮೇಲ್ಮೈ 5,500 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಇದರದು 24,000ದ ಹತ್ತಿರ. ತೂಕ ಸೂರ್ಯನ ಹತ್ತು ಪಟ್ಟಿಗೂ ಹೆಚ್ಚು. ಮತ್ತೆ ಇದು ಸುಮ್ಮನೆ ಉರಿಯುವುದಿಲ್ಲ, ಮಿಡಿಯುತ್ತದೆ. 4 ಗಂಟೆ 38 ನಿಮಿಷಕ್ಕೊಮ್ಮೆ ಉಬ್ಬಿ ಇಳಿದು, ಸ್ವಲ್ಪ ಬೆಳಗಿ ಸ್ವಲ್ಪ ಮಂಕಾಗುತ್ತದೆ.

ಯಾಕೆ ಮಿಡಿಯುತ್ತದೆ? ಅನ್ನಕ್ಕಿಟ್ಟ ಪಾತ್ರೆಯ ಮೇಲಿನ ತಟ್ಟೆಯನ್ನು ನೆನಪಿಸಿಕೊಳ್ಳಿ. ಒಳಗಿನ ಹಬೆಗೆ ದಾರಿ ಇಲ್ಲ, ಒತ್ತಡ ಏರುತ್ತದೆ, ತಟ್ಟೆ ಎದ್ದು ಹಬೆ ಬಿಡುತ್ತದೆ, ಮತ್ತೆ ಟಣ್ ಅಂತ ಕೂರುತ್ತದೆ. ನಕ್ಷತ್ರದಲ್ಲಿ ಹಬೆಯ ಜಾಗದಲ್ಲಿ ಬೆಳಕು, ತಟ್ಟೆಯ ಜಾಗದಲ್ಲಿ ಕಬ್ಬಿಣ. ಹೊರಮೈಯಿಂದ ಸ್ವಲ್ಪ ಒಳಗೆ, ಸುಮಾರು ಎರಡು ಲಕ್ಷ ಡಿಗ್ರಿಯ ಒಂದು ಪದರದಲ್ಲಿ, ಕಬ್ಬಿಣ ಮತ್ತು ಅದರ ಬಳಗದ ಪರಮಾಣುಗಳು ಒಳಗಿಂದ ಬರುವ ಬೆಳಕನ್ನು ತಡೆಯುತ್ತವೆ. ಶಾಖ ಕೂಡಿಬೀಳುತ್ತದೆ, ಪದರ ಉಬ್ಬುತ್ತದೆ, ಉಬ್ಬಿದ ಮೇಲೆ ಬೆಳಕಿಗೆ ದಾರಿ ಸಿಗುತ್ತದೆ, ಮತ್ತೆ ಕುಸಿಯುತ್ತದೆ. ಹಾಗಂತ ಅದು ಕಬ್ಬಿಣದ ಗುಂಡು ಅಂದುಕೊಳ್ಳಬೇಡಿ. ಇಡೀ ನಕ್ಷತ್ರದ ತೂಕದಲ್ಲಿ ಕಬ್ಬಿಣ ಸಾವಿರಕ್ಕೆ ಒಂದು ಪಾಲಿನ ಲೆಕ್ಕ. ಸಾರಿಗೆ ಹಾಕಿದ ಇಂಗಿನ ಹಾಗೆ.

ಆ ಇಂಗಿನ ವಾಸನೆ ಹಿಡಿಯುವುದಕ್ಕೆ 90 ವರ್ಷ ಬೇಕಾಯಿತು. ಈ ಜಾತಿಯ ಮೊದಲ ನಕ್ಷತ್ರದ ಮಿಡಿತವನ್ನು ಯುಧಿಷ್ಠಿರ ಪುಂಜದಲ್ಲಿ ಎಡ್ವಿನ್ ಫ್ರಾಸ್ಟ್ ಎಂಬ ಅಮೆರಿಕದ ಖಗೋಳಜ್ಞ ಗುರುತಿಸಿದ್ದು 1902ರಲ್ಲಿ. ಲೆಕ್ಕ ಹಾಕಿದವರಿಗೆಲ್ಲ ‘ಇದು ಮಿಡಿಯಬಾರದು’ ಅಂತಲೇ ಉತ್ತರ ಬರುತ್ತಿತ್ತು. ಕಡೆಗೆ 1982ರಲ್ಲಿ ನಾರ್ಮನ್ ಸೈಮನ್ ಎಂಬವರು, ಬೆಳಕನ್ನು ತಡೆಯುವ ಭಾರದ ಮೂಲವಸ್ತುಗಳ ಲೆಕ್ಕದಲ್ಲೇ ತಪ್ಪಿರಬಹುದು, ದಯವಿಟ್ಟು ಮತ್ತೊಮ್ಮೆ ನೋಡಿ ಅಂತ ಕೇಳಿಕೊಂಡರು. ಮತ್ತೆ ಲೆಕ್ಕ ಹಾಕಿದಾಗ ಕಬ್ಬಿಣದ ತಡೆ ಮೊದಲು ಅಂದುಕೊಂಡದ್ದಕ್ಕಿಂತ ಎಷ್ಟೋ ಹೆಚ್ಚು ಅಂತ ಗೊತ್ತಾಯಿತು. 1992ರಲ್ಲಿ ಪೋಲೆಂಡಿನ ಮೊಸ್ಕಾಲಿಕ್ ಮತ್ತು ಜೆಂಬೋವ್‌ಸ್ಕಿ ಹೊಸ ಲೆಕ್ಕ ಹಾಕಿ ತೋರಿಸಿದ ಮೇಲೆ ನಕ್ಷತ್ರ ಕಾಗದದ ಮೇಲೂ ಮಿಡಿಯಿತು.

ಈಗ ನಮ್ಮ ಹಲ್ಲಿಯ ಹತ್ತಿರ ಬರೋಣ. 12 ಲಸರ್ಟೇಯ ಮಿಡಿತ ಒಂದೇ ಅಲ್ಲ. ತಂಬೂರಿಯ ನಾಲ್ಕು ತಂತಿ ಮೀಟಿದ ಹಾಗೆ ಹಲವು ಮಿಡಿತ ಒಟ್ಟಿಗೆ ಸೇರಿಕೊಂಡಿವೆ. ಬಿಡಿಸುವುದು ಕಷ್ಟ, ಯಾಕೆಂದರೆ ದಿನಕ್ಕೆ ಐದು ಸಲ ಮಿಡಿಯುವ ನಕ್ಷತ್ರವನ್ನು ಒಂದು ಊರಿನವರು ನೋಡಿದರೆ ರಾತ್ರಿಗೆ ಒಂದೆರಡು ಮಿಡಿತ ಸಿಕ್ಕಬಹುದು, ಅಷ್ಟರಲ್ಲಿ ಬೆಳಗಾಗುತ್ತದೆ. ಅದಕ್ಕೆ 1956ರಲ್ಲಿ ಡಚ್ ವಿಜ್ಞಾನಿ ಡಿ ಯಾಗರ್ ಮುಂದಾಳತ್ವದಲ್ಲಿ ಬೇರೆ ಬೇರೆ ದೇಶದವರು ಸರದಿ ಪಾಳಿಯ ಮೇಲೆ ಇದನ್ನು ಕಾದರು. ಒಬ್ಬರಿಗೆ ಹಗಲಾದಾಗ ಇನ್ನೊಬ್ಬರಿಗೆ ರಾತ್ರಿ. ಆ ಅಳತೆಗಳನ್ನು 1978ರಲ್ಲಿ ಪೋಲೆಂಡಿನ ಮಿಕೋಲಾಯ್ ಯೆಝಿಕೀವಿಚ್ ಮತ್ತೆ ಕೂತು ಬಿಡಿಸಿದಾಗ ಒಂದು ಸೊಗಸಾದ ಸಂಗತಿ ಕಂಡಿತು. ಮೂರು ಮಿಡಿತಗಳು ಸಮ ಅಂತರದಲ್ಲಿ ನಿಂತಿದ್ದವು. ದಿನಕ್ಕೆ 5.179 ಸಲ, 5.334 ಸಲ, 5.490 ಸಲ. ಕಳೆದು ನೋಡಿ, ಎರಡು ಕಡೆಯೂ ಹೆಚ್ಚುಕಡಿಮೆ ಅದೇ ಅಂತರ. ಗಡಿಯಾರದ ಲೆಕ್ಕದಲ್ಲಿ 4 ಗಂಟೆ 38 ನಿಮಿಷ, 4 ಗಂಟೆ 30, 4 ಗಂಟೆ 22.

ಸಮ ಅಂತರದ ಮೂರು ಅಂದರೆ ಈ ವಿದ್ಯೆಯಲ್ಲಿ ಅದಕ್ಕೊಂದು ಅರ್ಥ ಇದೆ. ನಕ್ಷತ್ರ ತನ್ನ ಸುತ್ತ ತಾನು ತಿರುಗುತ್ತಿರುತ್ತದೆ. ಹೊಳೆಯಲ್ಲಿ ಸೆಳವಿನ ಜೊತೆ ಈಜುವವನಿಗೂ ಸೆಳವಿಗೆ ಎದುರು ಈಜುವವನಿಗೂ ವೇಗ ಬೇರೆ ಆಗುತ್ತದಲ್ಲ, ಹಾಗೆ ತಿರುಗುವ ನಕ್ಷತ್ರದಲ್ಲಿ ಒಂದೇ ಮಿಡಿತ ಮೂರಾಗಿ ಒಡೆದು, ನಡುವಿನದರ ಆಚೆ ಈಚೆ ಸರಿಯಾಗಿ ಒಂದೊಂದು ನಿಲ್ಲುತ್ತದೆ. ಆ ಅಂತರ ಅಳೆದರೆ ನಕ್ಷತ್ರದ ಒಳಗು ಎಷ್ಟು ವೇಗವಾಗಿ ತಿರುಗುತ್ತಿದೆ ಅಂತ ಹೇಳಬಹುದು. ಯಾರಿಗೆ ತಾನೇ ಆಸೆ ಹುಟ್ಟುವುದಿಲ್ಲ? ಮೂರು ಮಿಡಿತ, ಸಮ ಅಂತರ, ಕಾರಣವೂ ಕೈಲಿದೆ.

ಇಲ್ಲಿ ಸ್ವಲ್ಪ ನಮ್ಮ ಮನೆಯ ಕಥೆ ಹೇಳಿಬಿಡುತ್ತೇನೆ. 1989ರಲ್ಲಿ ನಮ್ಮ ಅಜ್ಜ ಹೋದರು. 1996ರಲ್ಲಿ ದೊಡ್ಡಪ್ಪ. 2003ರಲ್ಲಿ ಚಿಕ್ಕಪ್ಪ. ಮೂರೂ ಸಾವು ಕಾರ್ತಿಕ ಮಾಸದಲ್ಲಿ. ಏಳು ವರ್ಷಕ್ಕೊಂದು ಅಂತ ಮೊದಲು ಎಣಿಸಿದ್ದು ಯಾರೋ ಗೊತ್ತಿಲ್ಲ, ಚಿಕ್ಕಪ್ಪನ ವೈಕುಂಠ ಸಮಾರಾಧನೆ ಊಟದ ಹೊತ್ತಿಗೆ ಮನೆಮಂದಿಯೆಲ್ಲ ಆ ಲೆಕ್ಕ ಮಾತಾಡುತ್ತಿದ್ದರು. ಮುಂದಿನದು 2010. ಆ ವರ್ಷ ಬಂದಾಗ ಅಪ್ಪನಿಗೆ ಪಿತ್ತಕೋಶದಲ್ಲಿ ಕಲ್ಲು ಅಂತ ಗೊತ್ತಾಗಿ, ದಸರಾ ಮುಗಿದ ಮೇಲೆ ಆಪರೇಷನ್ ಅಂತ ಡಾಕ್ಟರು ದಿನ ಕೊಟ್ಟಿದ್ದರು. ಅಮ್ಮ ಒಪ್ಪಲಿಲ್ಲ. “ಈ ಕಾರ್ತಿಕ ಒಂದು ಕಳೀಲಿ ಕಣೇ” ಅಂದಳು. ಶಾಂತಿ ಮಾಡಿಸಿದ್ದಾಯಿತು. ಅಪ್ಪ ನಾಲ್ಕು ತಿಂಗಳು ಮಜ್ಜಿಗೆ ಅನ್ನದಲ್ಲಿ ನೋವು ನುಂಗಿಕೊಂಡು ಕೂತರು. ಸಂಕ್ರಾಂತಿಯ ಮಾರನೆಯ ದಿನ ನೋವು ತಡೆಯಲಾರದೆ ಬೆಳಗಿನ ಜಾವ ಆಟೋದಲ್ಲಿ ಕರಕೊಂಡು ಹೋಗಬೇಕಾಯಿತು. ಅಷ್ಟರಲ್ಲಿ ಸೋಂಕಾಗಿತ್ತು. ಉಳಿದರು, ಆದರೆ ಬೇಗ ಮಾಡಿಸಿದ್ದರೆ ಮೂರು ದಿನದಲ್ಲಿ ಮುಗಿಯುತ್ತಿದ್ದದ್ದು ಮೂರು ವಾರ ಆಯಿತು.

ಆ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ನಾನು ಮೊದಲ ಸಲ ಆ ಮೂರು ಸಾವುಗಳನ್ನು ಬಿಡಿಬಿಡಿಯಾಗಿ ಯೋಚಿಸಿದೆ. ಅಜ್ಜನಿಗೆ 84 ವರ್ಷ, ವಯಸ್ಸಾಗಿ ಹೋದರು. ದೊಡ್ಡಪ್ಪನಿಗೆ ಹೃದಯಾಘಾತ, ಬೀಡಿ ಬಿಟ್ಟವರಲ್ಲ. ಚಿಕ್ಕಪ್ಪ ಸ್ಕೂಟರಿನಲ್ಲಿ ಹೋಗುವಾಗ ಲಾರಿ ಗುದ್ದಿತು. ವರ್ಷ ಮಾತ್ರ ಸಾಲಾಗಿ ನಿಂತಿದ್ದವು.

12 ಲಸರ್ಟೇಗೂ ಹೀಗೆ ಒಂದೊಂದನ್ನೇ ಬಿಡಿಸಿ ಕೇಳುವವರು ಬಂದರು. ಗೆರಾಲ್ಡ್ ಹ್ಯಾಂಡ್ಲರ್ ಮತ್ತು ಸಂಗಡಿಗರು ಒಂಬತ್ತು ದೂರದರ್ಶಕಗಳಲ್ಲಿ, 190 ರಾತ್ರಿ, ಒಟ್ಟು 750 ಗಂಟೆ ಈ ನಕ್ಷತ್ರದ ಬೆಳಕು ಅಳೆದರು. ಅದೂ ಬೇರೆ ಬೇರೆ ಬಣ್ಣದ ಫಿಲ್ಟರ್ ಹಾಕಿ. ಅದರ ಗುಟ್ಟು ಇಷ್ಟೇ: ನಕ್ಷತ್ರ ಇಡಿಯಾಗಿ ಉಸಿರಾಡುವ ಹಾಗೆ ಉಬ್ಬಿ ಇಳಿಯಬಹುದು, ಅಥವಾ ಅರ್ಧ ಉಬ್ಬುವಾಗ ಇನ್ನರ್ಧ ಇಳಿಯಬಹುದು, ಅಥವಾ ಇನ್ನೂ ಹೆಚ್ಚು ತುಂಡುಗಳಾಗಿ ಏರಿಳಿಯಬಹುದು. ಪ್ರತಿಯೊಂದು ಬಗೆಯಲ್ಲೂ ನೇರಳಾತೀತದಲ್ಲಿ ಬೆಳಕಿನ ಏರಿಳಿತ ಎಷ್ಟು, ಹಳದಿಯಲ್ಲಿ ಎಷ್ಟು ಅನ್ನುವ ಪ್ರಮಾಣ ಬೇರೆ. ಪ್ರಮಾಣ ನೋಡಿ ಬಗೆ ಹೇಳಬಹುದು.

2006ರಲ್ಲಿ ಫಲಿತಾಂಶ ಪ್ರಕಟವಾಯಿತು. ಒಟ್ಟು 11 ಸ್ವತಂತ್ರ ಮಿಡಿತಗಳು ಸಿಕ್ಕವು. ಆ ಪ್ರಸಿದ್ಧ ಮೂರರ ಕಥೆ ಏನಾಯಿತು? ನಡುವಿನದು ಇಡೀ ನಕ್ಷತ್ರ ಉಸಿರಾಡುವ ಬಗೆ. ಒಂದು ಪಕ್ಕದ್ದು ಅರ್ಧ ಏರಿ ಅರ್ಧ ಇಳಿಯುವ ಬಗೆ. ಇನ್ನೊಂದು ಪಕ್ಕದ್ದು ಇವೆರಡೂ ಅಲ್ಲದ ಮೂರನೆಯ ಬಗೆ. ಒಂದೇ ಮಿಡಿತ ಮೂರಾಗಿ ಒಡೆದಿದ್ದರೆ ಮೂರೂ ಒಂದೇ ಬಗೆಯವಾಗಿರಬೇಕಿತ್ತು. ಅಣ್ಣತಮ್ಮಂದಿರು ಅಂದುಕೊಂಡವರು ಮೂರು ಬೇರೆ ಊರಿನವರು, ಬಸ್‌ಸ್ಟಾಪಿನಲ್ಲಿ ಸಾಲಾಗಿ ನಿಂತಿದ್ದರು ಅಷ್ಟೆ. ಸಮ ಅಂತರ ಬರೀ ಆಕಸ್ಮಿಕ.

ನನಗೆ ಇದರಲ್ಲಿ ಬಹಳ ಹಿಡಿಸಿದ ವಿಷಯ ಇನ್ನೂ ಒಂದಿದೆ. ಮೂರರ ಲೆಕ್ಕ ಬಿದ್ದುಹೋಯಿತು ಅಂತ ಯಾರೂ ಕೈಚೆಲ್ಲಲಿಲ್ಲ. ಮೂರರಲ್ಲಿ ಒಂದಾಗಿದ್ದ 5.179ಕ್ಕೂ, ಸಾಲಿನಲ್ಲಿ ಲೆಕ್ಕಕ್ಕೇ ಸೇರದೆ ಪಕ್ಕದಲ್ಲಿ ನಿಂತಿದ್ದ 5.067ಕ್ಕೂ ನಿಜವಾದ ನೆಂಟಸ್ತಿಕೆ ಇರುವ ಹಾಗೆ ಕಂಡಿತು. ಎರಡೂ ಒಂದೇ ಬಗೆಯವು. ಅದನ್ನು ಹಿಡಿದು 2008ರಲ್ಲಿ ಅದೇ ಜೆಂಬೋವ್‌ಸ್ಕಿ, ಪಮ್ಯಾತ್ನಿಖ್ ಎಂಬವರ ಜೊತೆ ಸೇರಿ ಲೆಕ್ಕ ಹಾಕಿದರು. ನಕ್ಷತ್ರದ ಒಳಗರ್ಭ ಹೊರಮೈಗಿಂತ ಹಲವು ಪಟ್ಟು ವೇಗವಾಗಿ ತಿರುಗುತ್ತಿರಬೇಕು ಅಂತ ಉತ್ತರ ಬಂತು. ಸಾವಿರ ಬೆಳಕಿನ ವರ್ಷದಾಚೆಯ ಬೆಂಕಿಯ ಹೊಟ್ಟೆಯೊಳಗಿನ ಸುದ್ದಿ, ಒಂದು ಚುಕ್ಕಿಯ ಮಿನುಗಿನಿಂದ!

ನೋಡಬೇಕು ಅನ್ನಿಸಿದರೆ ದೀಪಾವಳಿಯ ಅಮಾವಾಸ್ಯೆ ಆಸುಪಾಸು, ರಾತ್ರಿ ಎಂಟರ ಸುಮಾರಿಗೆ, ಊರ ದೀಪಗಳಿಂದ ದೂರ ಇರುವ ಕಡೆ ಹೋಗಿ. ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ಅದರ ಪಶ್ಚಿಮ ಪಕ್ಕದ ಎರಡು ಪೂರ್ವಾಭಾದ್ರ, ಪೂರ್ವ ಪಕ್ಕದ ಎರಡು ಉತ್ತರಾಭಾದ್ರ. (ಉತ್ತರಾಭಾದ್ರದ ದಕ್ಷಿಣದ ಚುಕ್ಕಿಯೂ ಇದೇ ಮಿಡಿಯುವ ಜಾತಿಯದು. ಆ ನಕ್ಷತ್ರದಲ್ಲಿ ಹುಟ್ಟಿದವರು ಹೆಮ್ಮೆ ಪಡಬಹುದು.) ಪೂರ್ವಾಭಾದ್ರದ ಎರಡು ಚುಕ್ಕಿಗಳನ್ನು ದಕ್ಷಿಣದಿಂದ ಉತ್ತರಕ್ಕೆ ಗೆರೆ ಎಳೆದು, ಅಷ್ಟೇ ದೂರ ಮುಂದುವರಿಸಿ, ಎರಡು ಬೆರಳಿನಷ್ಟು ಪಶ್ಚಿಮಕ್ಕೆ ಸರಿಯಿರಿ. ಬೈನಾಕ್ಯುಲರ್ ಇದ್ದರೆ ಅಲ್ಲಿ ಹತ್ತಿರ ಹತ್ತಿರ ಎರಡು ನೀಲಿ ಬಿಳುಪಿನ ಚುಕ್ಕಿಗಳು ಸಿಗುತ್ತವೆ, ಅವುಗಳಲ್ಲಿ ಉತ್ತರದ್ದು, ಸ್ವಲ್ಪ ಮಂಕಾದದ್ದು ನಮ್ಮದು. ಮಿಡಿತ ಕಣ್ಣಿಗೆ ಕಾಣುವುದಿಲ್ಲ, ಬೆಳಕಿನಲ್ಲಿ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ವ್ಯತ್ಯಾಸ.

ಹೋದ ವರ್ಷ ದೀಪಾವಳಿಗೆ ಊರಿನ ಮನೆ ತಾರಸಿಯ ಮೇಲೆ ಅಮ್ಮನಿಗೆ ತೋರಿಸಿದೆ. ಮೂರರ ಕಥೆಯನ್ನೂ ಹೇಳಿದೆ. 2010 ಕಳೆಯಿತು, 2017 ಕಳೆಯಿತು, 2024ರಲ್ಲೂ ಯಾರಿಗೂ ಏನೂ ಆಗಲಿಲ್ಲ ಅಲ್ವಾ ಅಂದೆ. “ಶಾಂತಿ ಮಾಡಿಸಿದ್ವಲ್ಲ, ಅದಕ್ಕೇ” ಅಂದಳು. ಅಪ್ಪ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತು ಬೈನಾಕ್ಯುಲರ್ ಹಿಡಿದುಕೊಂಡಿದ್ದರು. ಹೊಟ್ಟೆಯ ಮೇಲಿನ ಹಳೆಯ ಗಾಯವನ್ನು ಅಂಗಿಯ ಮೇಲಿಂದಲೇ ಒಮ್ಮೆ ಸವರಿಕೊಂಡು, “ಎಲ್ಲೇ ನಿನ್ನ ಹಲ್ಲಿ, ನಂಗೆ ಪಟಾಕಿ ಹೊಗೆ ಮಾತ್ರ ಕಾಣ್ತಿದೆ” ಅಂದರು.