ಬಿಡದ ಜ್ವರ: ಕೊಟ್ಟಿಗೆಯ ವಿಷಯವನ್ನೂ ಹೇಳಿ

ಸಂಜೆಯಾದರೆ ಜ್ವರ, ರಾತ್ರಿ ಮೈಯೆಲ್ಲ ಬೆವರು, ಬೆಳಿಗ್ಗೆ ಸೊಂಟ, ಕೀಲುಗಳಲ್ಲಿ ನೋವು. ಎರಡು ವಾರವಾದರೂ ಬಿಡದ ಇಂಥ ಜ್ವರಕ್ಕೆ ‘ಟೈಫಾಯ್ಡ್ ಇರಬೇಕು’ ಎಂದುಕೊಂಡು ಅಂಗಡಿಯಿಂದ ಮಾತ್ರೆ ತಂದು ನುಂಗುವವರೇ ಹೆಚ್ಚು. ಜ್ವರ ಇಳಿಯುತ್ತದೆ, ಕೆಲವು ವಾರಗಳಲ್ಲಿ ಮತ್ತೆ ಮರಳುತ್ತದೆ. ಮನೆಯಲ್ಲಿ ದನ, ಕುರಿ, ಮೇಕೆಗಳಿದ್ದರೆ ಅಥವಾ ಹಸಿ ಹಾಲು ಕುಡಿಯುವ ರೂಢಿಯಿದ್ದರೆ ಬ್ರುಸೆಲ್ಲೋಸಿಸ್ ಎಂಬ ರೋಗವನ್ನೂ ಅನುಮಾನಿಸಬೇಕು.

ಇದಕ್ಕೆ ಕಾರಣ ಬ್ರುಸೆಲ್ಲಾ ಎಂಬ ಅತಿ ಪುಟ್ಟ ಬ್ಯಾಕ್ಟೀರಿಯಾ. ಮಾಲ್ಟಾ ದ್ವೀಪದಲ್ಲಿ ಜ್ವರದಿಂದ ಸತ್ತ ಸೈನಿಕರ ಗುಲ್ಮದಿಂದ ಬ್ರಿಟಿಷ್ ಸೇನಾ ವೈದ್ಯ ಡೇವಿಡ್ ಬ್ರೂಸ್ ಇದನ್ನು 1887ರಲ್ಲಿ ಬೆಳೆಸಿದರು. ಇದರ ಮೂಲ ಅಲ್ಲಿನ ಮೇಕೆಗಳೆಂಬುದು ಗೊತ್ತಾದದ್ದು 1905ರಲ್ಲಿ.

ಗ್ರಾಂ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ರೋಗಾಣುಗಳು ನುಣ್ಣನೆಯ ಮರಳು ಚೆಲ್ಲಿದಂತೆ ನಸುಗೆಂಪಾಗಿ ಕಾಣುತ್ತವೆ. ಆದರೆ ರಕ್ತದಿಂದ ಇವನ್ನು ಬೆಳೆಸುವುದಕ್ಕೆ ತಾಳ್ಮೆ ಬೇಕು. ಹಿಂದೆ ರಕ್ತದ ಬಾಟಲಿಯನ್ನು ಮೂರು ನಾಲ್ಕು ವಾರ ಇಟ್ಟು ಕಾಯುತ್ತಿದ್ದರು. ಸ್ವಯಂಚಾಲಿತ ಯಂತ್ರಗಳಿರುವಲ್ಲಿ ಈಗ ಸಾಮಾನ್ಯವಾಗಿ ವಾರದೊಳಗೆ ಸುಳಿವು ಸಿಗುತ್ತದೆ. ಮೊದಲೇ ಆಂಟಿಬಯಾಟಿಕ್ ನುಂಗಿದ್ದರೆ ಮಾತ್ರ ರೋಗಾಣು ಬೆಳೆಯದೆ ಹೋಗಬಹುದು.

ಆದ್ದರಿಂದ ನನ್ನ ಮಾತು ಇಷ್ಟೇ: ಮಾತ್ರೆಗಿಂತ ಮೊದಲು ರಕ್ತ ಕೊಡಿ. ಕೊಟ್ಟಿಗೆಯ ವಿಷಯವನ್ನು ಕೇಳದಿದ್ದರೂ ಹೇಳಿ. ‘ಮನೆಯಲ್ಲಿ ದನಕರು ಇವೆಯೇ?’ ಎಂದು ಕೇಳಲು ವೈದ್ಯರಿಗೆ ಅರ್ಧ ನಿಮಿಷ ಸಾಕು. ಅನುಮಾನವಿದ್ದರೆ ಅದನ್ನು ಪರೀಕ್ಷೆಯ ಚೀಟಿಯಲ್ಲಿ ಬರೆಯಲೇಬೇಕು. ಏಕೆಂದರೆ ಈ ರೋಗಾಣು ಗಾಳಿಯ ಮೂಲಕ ಪ್ರಯೋಗಾಲಯದ ಸಿಬ್ಬಂದಿಗೂ ತಗಲುತ್ತದೆ. ಬೆಳೆದ ತಟ್ಟೆಯ ಮುಚ್ಚಳ ತೆಗೆದು ಮೂಸಿ ನೋಡುವ ಹಳೆಯ ಅಭ್ಯಾಸದಿಂದ ರೋಗ ಹತ್ತಿಸಿಕೊಂಡವರಿದ್ದಾರೆ. ನಾವು ಮುಚ್ಚಿಟ್ಟ ಒಂದು ಮಾತಿಗೆ ಇನ್ನೊಬ್ಬರು ನರಳುವುದು ನ್ಯಾಯವಲ್ಲ.

ರಕ್ತದಲ್ಲಿ ರೋಗಾಣು ಬೆಳೆಯಲಿಲ್ಲವೆಂದ ಮಾತ್ರಕ್ಕೆ ರೋಗವಿಲ್ಲ ಎನ್ನುವಂತಿಲ್ಲ. ಪ್ರತಿಕಾಯಗಳ ಪರೀಕ್ಷೆಯೂ ಬೇಕಾಗುತ್ತದೆ. ರೋಗ ಖಚಿತವಾದರೆ ಸಾಮಾನ್ಯವಾಗಿ ಎರಡು ಔಷಧಿಗಳನ್ನು ಕನಿಷ್ಠ 6 ವಾರ ತೆಗೆದುಕೊಳ್ಳಬೇಕು. ಜ್ವರ ಬಿಟ್ಟಿತೆಂದು ನಡುವೆ ನಿಲ್ಲಿಸಿದರೆ ಅದು ಮರುಕಳಿಸುತ್ತದೆ.

ಹಾಲನ್ನು ಕಾಯಿಸಿಯೇ ಕುಡಿಯಿರಿ. ಕಂದು ಹಾಕಿದ ದನದ ಮಾಸನ್ನು ಬರಿಗೈಯಲ್ಲಿ ಮುಟ್ಟಬೇಡಿ. 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಪಶುವೈದ್ಯರಿಂದ ಲಸಿಕೆ ಹಾಕಿಸಿ. ಕೊಟ್ಟಿಗೆಯ ಆರೋಗ್ಯ ಕೆಟ್ಟರೆ ಮನೆಯ ಆರೋಗ್ಯವೂ ಉಳಿಯದು.