ಪುಡಿ ಪ್ಯಾಕ್ ಮಾಡೋರು ಯಾರು?

ಕಳೆದ ಭಾನುವಾರ ರಾತ್ರಿ ಹಳಿಯಾಳದ ಗೆಳೆಯನ ವಾಟ್ಸ್‌ಆ್ಯಪ್ ಕಾಲ್. ಟೆಕ್ಸಾಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ಎಚ್-1ಬಿ ವೀಸಾ, ಐದನೇ ವರ್ಷ. "ಶೇಂಗಾ ಚಟ್ನಿಪುಡಿ ಇಲ್ಲೇ ಆನ್‌ಲೈನ್ ಮಾರಬೇಕಂತ ಮಾಡೇನಪಾ. ಸಂಜೀಕ ಎರಡು ತಾಸು ಸಾಕು. ಹೆಂಗ?" ಅಂದ. ತನ್ನ ಹೆಸರಿನ ಲೇಬಲ್ಲೂ ರೆಡಿ ಇತ್ತು.

"ಪುಡಿ ಪ್ಯಾಕ್ ಮಾಡೋರು ಯಾರು?" ಅಂತ ಕೇಳಿದೆ.

"ನಾನೇ, ಮತ್ಯಾರು?"

ತೊಡಕು ಇರೋದು ಅಲ್ಲೇ. ಎಚ್-1ಬಿ ಮೂರು ವರ್ಷಕ್ಕೆ ಸಿಗುತ್ತೆ, ಸಾಮಾನ್ಯವಾಗಿ ಆರು ವರ್ಷದವರೆಗೆ ವಿಸ್ತರಣೆ. ಅರ್ಜಿ ಹಾಕಿದ ಕಂಪನಿಗಷ್ಟೇ ದುಡಿಯಬೇಕು. ಬೇರೆ ಬಿಸಿನೆಸ್‌ನಲ್ಲಿ ದುಡ್ಡು ಹಾಕಬಹುದು, ಮಾಲೀಕನೂ ಆಗಬಹುದು. ಆದರೆ ಅಲ್ಲಿ ಕೂತು ಕೆಲಸ ಮಾಡುವಂತಿಲ್ಲ. "ನಾನು ಸಂಬಳ ತಗೊಳ್ಳಲ್ಲ" ಅಂದ ಮಾತ್ರಕ್ಕೆ ಪಾರಾಗಲ್ಲ. 2025ರ ಜನವರಿಯಿಂದ ಸ್ವಂತ ಕಂಪನಿಯಿಂದಲೇ ಎಚ್-1ಬಿ ಅರ್ಜಿ ಹಾಕಲು ಸ್ಪಷ್ಟ ದಾರಿ ಇದೆ. ಹೆಚ್ಚಿನ ಪಾಲು ನಿಮ್ಮದೇ ಆದರೆ ಮೊದಲೆರಡು ಸಲ ತಲಾ 18 ತಿಂಗಳಷ್ಟೇ. ಕೆಲಸವೂ ಪದವಿ ಬೇಡುವಂಥದ್ದೇ ಆಗಿರಬೇಕು. ಚಟ್ನಿಪುಡಿ ಅದರಲ್ಲಿ ಕೂರಲ್ಲ. ಸಿಕ್ಕಿಬಿದ್ದರೆ ಹೋಗೋದು ಬರೀ ಪುಡಿ ವ್ಯಾಪಾರ ಅಲ್ಲ; ವೀಸಾ, ಮಗಳ ಶಾಲೆ, ಗ್ರೀನ್ ಕಾರ್ಡ್ ಕನಸು ಎಲ್ಲಾ.

ಅವನು ಸುಮ್ಮನಾದ. ನನಗೆ ನಮ್ಮ ಮುಂಡಗೋಡ ನೆನಪಾಯ್ತು.

ಅವಧಿ ಬರೆದ ಕಾಗದ ಇಟ್ಟುಕೊಂಡು ವ್ಯಾಪಾರ ಮಾಡೋರನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವಲ್ಲ! 1966ರಲ್ಲಿ ಇಲ್ಲಿ ಟಿಬೆಟನ್ ಕ್ಯಾಂಪ್ ಶುರುವಾಯ್ತು. ಅವರದು ವೀಸಾ ಅಲ್ಲ, ನೋಂದಣಿ ಪತ್ರ, ಎಲ್ಲರ ಬಾಯಲ್ಲಿ 'ಆರ್‌ಸಿ'. ಅವಧಿ ಮುಗಿಯುವ ಮುಂಚೆ ನವೀಕರಿಸಬೇಕು. ಉಳುವ ಭೂಮಿಯೂ ಸ್ವಂತದ್ದಲ್ಲ. ಮಳೆ ನಂಬಿದ ಬೆಳೆಯಿಂದ ಮನೆ ನಡೆಯಲಿಲ್ಲ, ಸ್ವೆಟರ್ ಹಿಡಿದರು.

ನನ್ನ ಕ್ಲಾಸ್‌ಮೇಟ್‌ನ ಅಮ್ಮ ದಸರಾ ಮುಗಿದ ಮೇಲೆ ಊರು ಬಿಡೋರು. ಲುಧಿಯಾನದ ಸಗಟು ವ್ಯಾಪಾರಿಗಳಿಂದ ಬಹುಪಾಲು ಸಾಲದ ಮೇಲೆ ಮಾಲು, ಯಾವುದೋ ಪಟ್ಟಣದ ಫುಟ್‌ಪಾತಿನಲ್ಲಿ ಚಳಿಗಾಲವಿಡೀ ಮಾರಾಟ. ಸಾಲ ತೀರಿಸಿ, ಲೋಸಾರ್ ಹಬ್ಬಕ್ಕೆ ಮನೆ. ಅಲ್ಲಿಯವರೆಗೆ ಅವನು ಅಜ್ಜಿ ಜೊತೆ. "ಈ ಸಲ ಅಮ್ಮ ಬೇಗ ಬರ್ತಾಳೆ" ಅಂತ ಪ್ರತಿ ವರ್ಷ ಹೇಳೋನು.

ಆಗ ಅದು ನಮಗೆ ಬರೀ ಸ್ವೆಟರ್ ವ್ಯಾಪಾರ. ಈಗ ನೋಡಿದರೆ ಲೆಕ್ಕ ಬೇರೆ. ಕಟ್ಟಡ ಇಲ್ಲ, ಉಳಿದ ಮಾಲು ಗಂಟು ಕಟ್ಟಿದರೆ ಅಂಗಡಿ ಬಂದ್. ಬಂಡವಾಳ ಅಂದರೆ ಲುಧಿಯಾನದಲ್ಲಿರೋ ಹೆಸರು. ಒಂದು ವರ್ಷ ಸಾಲ ತಪ್ಪಿದರೆ ಮುಂದಿನ ವರ್ಷ ಮಾಲಿಲ್ಲ. 2014ರಲ್ಲಿ ಕೇಂದ್ರ ಸರ್ಕಾರದ ಟಿಬೆಟನ್ ಪುನರ್ವಸತಿ ನೀತಿ ಬಂತು: ಆರ್‌ಸಿ ಇದ್ದವರಿಗೆ ರಾಜ್ಯಗಳು ವ್ಯಾಪಾರ ಪರವಾನಗಿ ಕೊಡಬಹುದು, ಭೂಮಿಗೆ 20 ವರ್ಷದ ಲೀಸ್ ಅಂತ. ಅಷ್ಟೊತ್ತಿಗೆ ಕ್ಯಾಂಪ್ ಶುರುವಾಗಿ 48 ವರ್ಷ.

ಅವರು ಕಾಗದ ನೋಡಿ ವ್ಯಾಪಾರ ಆರಿಸಿಕೊಂಡರು. ನಾವು ವ್ಯಾಪಾರ ಶುರು ಮಾಡಿ ಆಮೇಲೆ ಕಾಗದ ಹುಡುಕ್ತೀವಿ.

ಗೆಳೆಯನಿಗೆ ಇನ್ನೊಂದು ಕೇಳಿದೆ: "ನಿನ್ನ ಐ-140 ಅಪ್ರೂವ್ ಆಗೇತಿ?" ಆಗಿತ್ತು. ಹಾಗಿದ್ದರೆ ಎಚ್-4ನಲ್ಲಿರುವ ಹೆಂಡತಿ ವರ್ಕ್ ಪರ್ಮಿಟ್ ಕೇಳಬಹುದು. 2015ರಿಂದ ಈ ದಾರಿ ಇದೆ. ಅದು ಕೈಗೆ ಬಂದ ಮೇಲೆ ಬಿಸಿನೆಸ್ ಅವಳೇ ನಡೆಸಬಹುದು. ಆಗಲೂ ಇವನು ಪ್ಯಾಕಿಂಗ್‌ಗೆ ಕೂರೋ ಹಾಗಿಲ್ಲ. ಮೊದಲು ವಲಸೆ ವಕೀಲರ ಹತ್ತಿರ ಒಂದು ತಾಸು ಕೂರಿ ಅಂದೆ.

"ಅಕಿಗೆ ಇಷ್ಟ ಐತೇನು, ಕೇಳೀಯಾ?"

ಕೇಳಿರಲಿಲ್ಲ! ಫೋನ್ ಅವಳ ಕೈಗೆ ಹೋಯ್ತು.

"ಪುಡಿ ಕುಟ್ಟೋದು ನಾನು. ಲೇಬಲ್‌ನ್ಯಾಗ ಇವರ ಹೆಸರು ಯಾಕ್ರೀ?"

ಲೇಬಲ್ ಬದಲಾಗ್ತಿದೆಯಂತೆ. ಪರ್ಮಿಟ್ ಬರೋವರೆಗೆ ಮಾರಾಟ ಇಲ್ಲ.